ಸರ್ಫೇಸ್ ಹೊಲಿಗೆ ಕೂಡದಿದ್ದಾಗ: ಕ್ಯಾಡ್ ಜೋಡಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ವಸ್ತುಗಳ ಆಕಾರ ರೂಪಿಸುವ ಸಾಫ್ಟ್‌ವೇರ್‌ನಲ್ಲಿ, ಗಂಟೆಗಟ್ಟಲೆ ಕೂತು ಸರ್ಫೇಸ್‌ಗಳನ್ನು (ದಪ್ಪವಿಲ್ಲದ ಮೇಲ್ಮೈಗಳನ್ನು) ಒಂದೊಂದಾಗಿ ಕಟ್ಟಿರುತ್ತೀರಿ. ಪರದೆಯ ಮೇಲೆ ಎಲ್ಲವೂ ಕೂಡಿಕೊಂಡಂತೆಯೇ ಕಾಣುತ್ತದೆ. ಕೊನೆಯಲ್ಲಿ ಜೋಡಿಸುವ ಕಮಾಂಡ್ ಒತ್ತಿದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ, ಒಪ್ಪಿದರೂ ಕೈಗೆ ಸಿಗುವುದು ಸಾಲಿಡ್ (ಒಳಗು ತುಂಬಿದ ವಸ್ತು) ಅಲ್ಲ. ಈ ಪುಟದ ಪ್ರಶ್ನೆಗಳೆಲ್ಲ ಆ ಹೊತ್ತಿನವು. ಕಮಾಂಡ್‌ನ ಹೆಸರು ಒಂದೊಂದು ಕಡೆ ಒಂದೊಂದು: ಸಾಲಿಡ್‌ವರ್ಕ್ಸ್‌ನಲ್ಲಿ ನಿಟ್, ಫ್ಯೂಷನ್ ಮತ್ತು ಇನ್ವೆಂಟರ್‌ನಲ್ಲಿ ಸ್ಟಿಚ್, ಎನ್‌ಎಕ್ಸ್‌ನಲ್ಲಿ ಸ್ಯೂ, ರೈನೋ ಮತ್ತು ಕಟಿಯಾದಲ್ಲಿ ಜಾಯಿನ್, ಕ್ರಿಯೋದಲ್ಲಿ ಮರ್ಜ್. ಎಲ್ಲವೂ ಮಾಡುವುದು ಹೊಲಿಗೆ ಕೆಲಸವನ್ನೇ. ಹಾಗಾಗಿ ಇಲ್ಲಿ ಅದನ್ನು ಹೊಲಿಗೆ ಎಂದೇ ಕರೆದಿದ್ದೇನೆ.

ಎಲ್ಲಾ ಸರ್ಫೇಸ್‌ಗಳೂ ಜಾಯಿನ್ ಆಗಿವೆ ಅಂತ ತೋರಿಸುತ್ತಿದೆ. ಆದರೂ ಸಾಲಿಡ್ ಯಾಕೆ ಆಗುತ್ತಿಲ್ಲ?

ಒಂದು ಘನವನ್ನು ಎಣಿಸಿ ನೋಡಿ. ಆರು ಫೇಸ್ (ಮುಖ), ಪ್ರತಿಯೊಂದಕ್ಕೂ ನಾಲ್ಕು ಅಂಚು, ಒಟ್ಟು 24. ಆದರೆ ಘನಕ್ಕೆ ಇರುವುದು 12 ಅಂಚು ಮಾತ್ರ, ಯಾಕೆಂದರೆ ಪ್ರತಿ ಅಂಚನ್ನೂ ಎರಡು ಫೇಸ್‌ಗಳು ಹಂಚಿಕೊಂಡಿವೆ. ಸಾಲಿಡ್ ಆಗಲು ಬೇಕಾದ ಮೊದಲ ಷರತ್ತೇ ಇದು: ಪ್ರತಿಯೊಂದು ಅಂಚಿಗೂ ಸರಿಯಾಗಿ ಎರಡೇ ಫೇಸ್ ಇರಬೇಕು. ಒಂದೇ ಫೇಸ್ ಇದ್ದರೆ ಅದು ತೆರೆದ ಅಂಚು, ಅಲ್ಲಿ ನೀರು ಸೋರುತ್ತದೆ. ಮೂರು ಅಥವಾ ಹೆಚ್ಚು ಫೇಸ್ ಬಂದು ಕೂಡಿದರೆ ಅದು ನಾನ್‌ಮ್ಯಾನಿಫೋಲ್ಡ್ ಅಂಚು. ಅಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಅಂತ ಸಾಫ್ಟ್‌ವೇರ್‌ಗೆ ತೀರ್ಮಾನಿಸಲು ಆಗುವುದಿಲ್ಲ.

ಜಾಯಿನ್ ಆಗುವುದಕ್ಕೆ ಒಂದು ಕಡೆ ಅಂಚು ಕೂಡಿದ್ದರೂ ಸಾಕು. ಸಾಲಿಡ್ ಆಗಬೇಕಾದರೆ ಎಲ್ಲಾ ಕಡೆಯೂ ಕೂಡಿರಬೇಕು. ಇನ್ನೂರು ಅಂಚುಗಳಲ್ಲಿ ಒಂದೇ ಒಂದು ತೆರೆದಿದ್ದರೂ ನಿಮ್ಮ ಕೈಯಲ್ಲಿರುವುದು ತೆರೆದ ಚೀಲ. ಸಾಲಿಡ್‌ವರ್ಕ್ಸ್‌ನಲ್ಲಿ ಇನ್ನೊಂದು ವಿಷಯ ನೆನಪಿಡಿ: ಎಲ್ಲಾ ಅಂಚುಗಳೂ ಮುಚ್ಚಿದ್ದರೂ ನಿಟ್‌ನಲ್ಲಿ ಕ್ರಿಯೇಟ್ ಸಾಲಿಡ್ ಅನ್ನುವುದಕ್ಕೆ ಟಿಕ್ ಹಾಕದಿದ್ದರೆ ಅದು ಸರ್ಫೇಸ್ ಬಾಡಿಯಾಗಿಯೇ ಉಳಿಯುತ್ತದೆ. ಕಟಿಯಾದಲ್ಲೂ ಜಾಯಿನ್ ಆದ ಮೇಲೆ ಕ್ಲೋಸ್ ಸರ್ಫೇಸ್ ಅಂತ ಬೇರೆಯೇ ಹೆಜ್ಜೆ ಇದೆ.

ಸಂದು ಎಲ್ಲಿದೆ ಅಂತ ಹುಡುಕುವುದು ಹೇಗೆ? ಎಷ್ಟು ಜೂಮ್ ಮಾಡಿದರೂ ಕಾಣುತ್ತಿಲ್ಲ.

ಜೂಮ್ ಮಾಡಿ ಹುಡುಕಬೇಡಿ, ಕಣ್ಣು ನೋಯುವುದಷ್ಟೇ ಲಾಭ. ಪರದೆಯಲ್ಲಿ ನೀವು ನೋಡುತ್ತಿರುವುದು ನಿಜವಾದ ಸರ್ಫೇಸ್ ಅಲ್ಲ, ಅದನ್ನು ತೋರಿಸಲು ಮಾಡಿಕೊಂಡ ಸಣ್ಣ ಸಣ್ಣ ತ್ರಿಕೋನಗಳು. ಸಂದು ಇಲ್ಲದ ಕಡೆ ಅವು ಬಿರುಕು ತೋರಿಸಬಹುದು, ಇರುವ ಕಡೆ ಮುಚ್ಚಿಹಾಕಬಹುದು.

ಇದಕ್ಕೆಂದೇ ಇರುವ ಸಾಧನಗಳನ್ನು ಬಳಸಿ. ರೈನೋದಲ್ಲಿ ಶೋಎಡ್ಜಸ್ ಕೊಟ್ಟು ನೇಕೆಡ್ ಎಡ್ಜ್ ಆರಿಸಿದರೆ ತೆರೆದ ಅಂಚುಗಳೆಲ್ಲ ಬಣ್ಣದಲ್ಲಿ ಎದ್ದು ಕಾಣುತ್ತವೆ. ಅಲ್ಲೇ ನಾನ್‌ಮ್ಯಾನಿಫೋಲ್ಡ್ ಅಂಚುಗಳನ್ನೂ ನೋಡಬಹುದು. ಫ್ಯೂಷನ್‌ನ ಸ್ಟಿಚ್ ಮುನ್ನೋಟದಲ್ಲಿ ಕೂಡುವ ಅಂಚು ಹಸಿರು, ಕೂಡದೆ ಉಳಿಯುವುದು ಕೆಂಪು. ಸಾಲಿಡ್‌ವರ್ಕ್ಸ್‌ನ ನಿಟ್‌ನಲ್ಲಿ ಗ್ಯಾಪ್ ಕಂಟ್ರೋಲ್ ತೆರೆದರೆ ಸಂದುಗಳ ಪಟ್ಟಿ ಅಳತೆಯೊಂದಿಗೆ ಸಿಗುತ್ತದೆ. ಫ್ರೀಕ್ಯಾಡ್‌ನ ಪಾರ್ಟ್ ವರ್ಕ್‌ಬೆಂಚ್‌ನಲ್ಲಿ ಚೆಕ್ ಜಾಮೆಟ್ರಿ ಇದೆ, ಎನ್‌ಎಕ್ಸ್‌ನಲ್ಲಿ ಎಕ್ಸಾಮಿನ್ ಜಾಮೆಟ್ರಿ ಇದೆ.

ಸಂದು ಸಿಕ್ಕ ಮೇಲೆ ಮಾಡಬೇಕಾದ ಮೊದಲ ಕೆಲಸ ಅದನ್ನು ಅಳೆಯುವುದು. ಎರಡು ಅಂಚುಗಳ ನಡುವಿನ ಗರಿಷ್ಠ ಅಂತರ ಎಷ್ಟು? 0.002 ಮಿ.ಮೀ. ಇದ್ದರೆ ದಾರಿ ಒಂದು, 0.05 ಇದ್ದರೆ ಇನ್ನೊಂದು, 2 ಮಿ.ಮೀ. ಇದ್ದರೆ ಮತ್ತೊಂದು. ಸಂಖ್ಯೆ ಗೊತ್ತಿಲ್ಲದೆ ಮುಂದೆ ಯಾವ ಕಮಾಂಡ್ ಒತ್ತಿದರೂ ಕತ್ತಲಲ್ಲಿ ಕಲ್ಲೆಸೆದ ಹಾಗೆ.

ಟಾಲರೆನ್ಸ್ ಜಾಸ್ತಿ ಮಾಡಿದರೆ ಜಾಯಿನ್ ಆಗಿಬಿಡುತ್ತದೆ. ಅದರಲ್ಲಿ ತಪ್ಪೇನು?

ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಟಾಲರೆನ್ಸ್ ಅಂದರೆ "ಇಷ್ಟು ಹತ್ತಿರ ಇದ್ದರೆ ಎರಡನ್ನೂ ಒಂದೇ ಅಂತ ಪರಿಗಣಿಸು" ಅನ್ನುವ ಒಪ್ಪಂದ. ಅದನ್ನು 0.01ರಿಂದ 0.1ಕ್ಕೆ ಏರಿಸಿದರೆ ಸಾಮಾನ್ಯವಾಗಿ ಸರ್ಫೇಸ್‌ಗಳು ಜರುಗಿ ಬಂದು ಕೂಡುವುದಿಲ್ಲ. ಅವು ಇದ್ದಲ್ಲೇ ಇರುತ್ತವೆ. "ಈ ಅಂಚಿನ ಲೆಕ್ಕ ಸಡಿಲ" ಎಂದು ಬರೆದುಕೊಂಡು ಸಾಫ್ಟ್‌ವೇರ್ ಕಣ್ಣು ಮುಚ್ಚಿಕೊಳ್ಳುತ್ತದೆ. ರೈನೋದ ಜಾಯಿನ್‌ಎಡ್ಜ್ ಮಾಡುವುದೂ ಇದನ್ನೇ. ಸಂದು ಜಾಮೆಟ್ರಿಯಲ್ಲಿ ಹಾಗೇ ಉಳಿದಿರುತ್ತದೆ, ನಿಮಗೆ ಕಾಣಿಸುವುದು ನಿಂತಿರುತ್ತದೆ ಅಷ್ಟೇ.

ಅದು ತಲೆ ಎತ್ತುವುದು ಆಮೇಲೆ. ಆ ಅಂಚಿಗೆ ಫಿಲೆಟ್ ಹಾಕಲು, ಅಂದರೆ ಅದನ್ನು ದುಂಡಗೆ ಮಾಡಲು, ಹೋದಾಗ ಆಗುವುದಿಲ್ಲ. ಒಳಗನ್ನು ಪೊಳ್ಳು ಮಾಡುವ ಶೆಲ್ ಕೊಟ್ಟಾಗ ಆಗುವುದಿಲ್ಲ. ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಮಾಡೆಲ್ ಸಾಗಿಸುವ ಸ್ಟೆಪ್ ಫೈಲ್ ಮಾಡಿ ಕಳಿಸಿದರೆ ಆ ಕಡೆಯವರ ಸಾಫ್ಟ್‌ವೇರ್ ತನ್ನ ಬಿಗಿ ಲೆಕ್ಕದಲ್ಲಿ ತೆರೆದು "ಇದು ಸಾಲಿಡ್ ಅಲ್ಲ" ಅನ್ನುತ್ತದೆ. ಅಷ್ಟು ಹೊತ್ತಿಗೆ ನೀವು ಅದರ ಮೇಲೆ ನಲವತ್ತು ಫೀಚರ್ ಕಟ್ಟಿರುತ್ತೀರಿ. ತಪ್ಪು ಇರುವುದು ಬುಡದಲ್ಲಿ, ನೀವು ಹುಡುಕುವುದು ತುದಿಯಲ್ಲಿ.

ಲೆಕ್ಕ ಎಷ್ಟು ಬಿಗಿ ಎಂಬುದು ಒಂದೊಂದು ಕರ್ನೆಲ್‌ಗೆ (ಸಾಫ್ಟ್‌ವೇರ್‌ನ ಒಳಗೆ ಜಾಮೆಟ್ರಿಯ ಲೆಕ್ಕ ಮಾಡುವ ಭಾಗಕ್ಕೆ) ಒಂದೊಂದು. ಸಾಲಿಡ್‌ವರ್ಕ್ಸ್, ಎನ್‌ಎಕ್ಸ್, ಸಾಲಿಡ್ ಎಡ್ಜ್, ಆನ್‌ಶೇಪ್ ನಡೆಯುವುದು ಪ್ಯಾರಾಸಾಲಿಡ್ ಮೇಲೆ. ಅದರ ಮೂಲ ನಿಖರತೆ 0.00001 ಮಿ.ಮೀ. ಕಟಿಯಾದ ಜಾಯಿನ್‌ನಲ್ಲಿ ಮೊದಲೇ ತುಂಬಿ ಬರುವ ಮರ್ಜಿಂಗ್ ಡಿಸ್ಟನ್ಸ್ 0.001 ಮಿ.ಮೀ. ಮನುಷ್ಯನ ಕೂದಲೆಳೆಯ ದಪ್ಪ ಸುಮಾರು 0.07 ಮಿ.ಮೀ. ನಾವು "ಕೂದಲೆಳೆಯಷ್ಟೇ ಸಂದು" ಅಂತ ಸಮಾಧಾನ ಮಾಡಿಕೊಂಡರೂ ಕರ್ನೆಲ್‌ನ ಲೆಕ್ಕದಲ್ಲಿ ಅದು ದೊಡ್ಡ ಕಂದಕ.

ಹಾಗಾದರೆ ಟಾಲರೆನ್ಸ್ ಮುಟ್ಟಲೇಬಾರದೇ? ಹಾಗಲ್ಲ. ಬೇರೆಡೆಯಿಂದ ಬಂದ ಫೈಲ್, ಸಂದು 0.003 ಮಿ.ಮೀ., ಭಾಗ ತಯಾರಾಗುವುದು 0.1 ಮಿ.ಮೀ. ನಿಖರತೆಯಲ್ಲಿ, ಆ ಅಂಚಿನ ಮೇಲೆ ಇನ್ನೇನೂ ಕಟ್ಟುವುದಿಲ್ಲ ಅನ್ನುವಾಗ ಧಾರಾಳವಾಗಿ ಸಡಿಲಿಸಿ. ಅಳೆದು ತಿಳಿದು ಸಡಿಲಿಸುವುದೇ ಬೇರೆ, ಜಾಯಿನ್ ಆಗುವವರೆಗೂ ಸೊನ್ನೆ ಅಳಿಸುತ್ತಾ ಹೋಗುವುದೇ ಬೇರೆ.

ಕೆಲಸದ ಮಧ್ಯೆ ಟಾಲರೆನ್ಸ್ ಬಿಗಿ ಮಾಡಿದರೆ ಹಳೆಯದೂ ಸರಿಹೋಗುತ್ತದೆಯೇ?

ಇಲ್ಲ. ಹಿಂದೆ ಟ್ರಿಮ್ ಮಾಡಿದ (ಕತ್ತರಿಸಿದ) ಅಂಚುಗಳು ಆಗಿನ ಲೆಕ್ಕದಲ್ಲೇ ಹುಟ್ಟಿವೆ, ಅವು ತಾವಾಗಿ ನಿಖರವಾಗುವುದಿಲ್ಲ. ಹಳೆ ಅಂಚು ಸಡಿಲ, ಹೊಸ ಅಂಚು ಬಿಗಿ ಆಗಿ ಮೊದಲು ಕೂಡುತ್ತಿದ್ದದ್ದೂ ಕೂಡದೆ ಹೋಗಬಹುದು. ಯೂನಿಟ್ ಮತ್ತು ಟಾಲರೆನ್ಸ್ ಎರಡನ್ನೂ ಮೊದಲ ಗೆರೆ ಎಳೆಯುವ ಮುಂಚೆಯೇ ಇಟ್ಟುಕೊಳ್ಳಿ.

ಒಂದೇ ಕರ್ವ್‌ನಿಂದ ಎರಡು ಸರ್ಫೇಸ್ ಮಾಡಿದ್ದೇನೆ. ನಡುವೆ ಸಂದು ಹೇಗೆ ಬಂತು?

ಸಂದುಗಳಲ್ಲಿ ನಾನು ಅತಿ ಹೆಚ್ಚು ನೋಡಿರುವುದು ಈ ಜಾತಿಯದು, ಅದಕ್ಕೆ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಕಂಪ್ಯೂಟರ್ ಮೌಸ್‌ನ ಮೇಲ್ಕವಚವೊಂದನ್ನು ಮಾಡುತ್ತಿದ್ದೆ. ಅಂಗೈ ಕೂರುವ ಬೆನ್ನಿನ ಸರ್ಫೇಸ್ ಮೊದಲು ಆಯಿತು. ಪಕ್ಕದಿಂದ ಒಂದು ಕರ್ವ್ ಬರೆದು, ಬೆನ್ನಿನ ಮೇಲೆ ಪ್ರೊಜೆಕ್ಟ್ ಮಾಡಿ, ಅದರಿಂದ ಬೆನ್ನನ್ನು ಟ್ರಿಮ್ ಮಾಡಿದೆ. ಆ ಪ್ರೊಜೆಕ್ಟ್ ಆದ ಕರ್ವ್‌ನಲ್ಲಿ ತೊಂಬತ್ತು ಚಿಲ್ಲರೆ ಕಂಟ್ರೋಲ್ ಪಾಯಿಂಟ್ (ಅದರ ಆಕಾರ ನಿರ್ಧರಿಸುವ ಬಿಂದು) ಇದ್ದವು. ಇಷ್ಟೊಂದು ಪಾಯಿಂಟ್ ಇದ್ದರೆ ಪಕ್ಕದ ಗೋಡೆ ನಯವಾಗಿ ಬರುವುದಿಲ್ಲ ಅಂತ ಕರ್ವ್ ಅನ್ನು ಹನ್ನೆರಡು ಪಾಯಿಂಟ್‌ಗೆ ರೀಬಿಲ್ಡ್ ಮಾಡಿ, ಅದರಿಂದ ಗೋಡೆ ಲಾಫ್ಟ್ ಮಾಡಿದೆ (ಗೆರೆಗಳ ನಡುವೆ ಸರ್ಫೇಸ್ ಹಾಯಿಸಿದೆ). ಗೋಡೆ ನಯವಾಗಿಯೇ ಬಂತು, ಹೊಲಿಗೆ ಕೂಡಲಿಲ್ಲ. ಹೆಬ್ಬೆರಳು ಕೂರುವ ತಿರುವಿನಲ್ಲಿ ಅಳೆದಾಗ ಸಂದು 0.034 ಮಿ.ಮೀ., ಫೈಲ್‌ನ ಟಾಲರೆನ್ಸ್ 0.01. ಒಂದೇ ಕರ್ವ್ ಅಂದುಕೊಂಡಿದ್ದೆ, ಆದರೆ ಬೆನ್ನು ಕತ್ತರಿಸಿದ್ದು ಒಂದರಿಂದ, ಗೋಡೆ ಎದ್ದದ್ದು ಇನ್ನೊಂದರಿಂದ. ಗೋಡೆಯನ್ನು ಅಳಿಸಿ, ಕರ್ವ್ ಬಿಟ್ಟು, ಬೆನ್ನಿನ ಟ್ರಿಮ್ ಆದ ಅಂಚನ್ನೇ ಆರಿಸಿ ಮತ್ತೆ ಲಾಫ್ಟ್ ಮಾಡಿದೆ. ಮೊದಲ ಸಲಕ್ಕೇ ಕೂಡಿತು.

ಇದರ ಹಿಂದಿನ ಗಣಿತವೂ ತಿಳಿದಿರಲಿ. ಎರಡು ಬೈಕ್ಯೂಬಿಕ್ (ಎರಡೂ ದಿಕ್ಕಿನಲ್ಲಿ ಡಿಗ್ರಿ 3ರ) ಸರ್ಫೇಸ್‌ಗಳು ಒಂದನ್ನೊಂದು ಕತ್ತರಿಸುವ ಗೆರೆಯ ಬೀಜಗಣಿತದ ಡಿಗ್ರಿ 324ರವರೆಗೆ ಹೋಗುತ್ತದೆ. ಅಂಥದ್ದನ್ನು ಯಾವ ಸಾಫ್ಟ್‌ವೇರೂ ಇದ್ದಹಾಗೇ ಬರೆದಿಡುವುದಿಲ್ಲ. ಟಾಲರೆನ್ಸ್ ಒಳಗೆ ಬರುವಂತೆ ಕಡಿಮೆ ಡಿಗ್ರಿಯ ಕರ್ವ್ ಒಂದನ್ನು ಹೊಂದಿಸಿ ಇಡುತ್ತದೆ. ಅಂದರೆ ಪ್ರತಿ ಟ್ರಿಮ್, ಪ್ರತಿ ಪ್ರೊಜೆಕ್ಷನ್, ಪ್ರತಿ ರೀಬಿಲ್ಡ್ ಒಂದೊಂದು ಅಂದಾಜು. ಅಂದಾಜಿನ ಮೇಲೆ ಅಂದಾಜು ಪೇರಿಸಿದಷ್ಟೂ ಸಂದು ದೊಡ್ಡದಾಗುತ್ತದೆ. ಆದ್ದರಿಂದ ಪಕ್ಕದ ಸರ್ಫೇಸ್ ಕಟ್ಟುವಾಗ ಯಾವಾಗಲೂ ಇರುವ ಸರ್ಫೇಸ್‌ನ ಅಂಚನ್ನೇ ಆರಿಸಿ, ಅದು ಹುಟ್ಟಿದ ಸ್ಕೆಚ್ ಗೆರೆಯನ್ನಲ್ಲ.

ಸರಿ, ಸಂದು ಇದೆ. ಈಗ ಮುಚ್ಚುವುದು ಹೇಗೆ?

ನನ್ನ ಮೊದಲ ಆಯ್ಕೆ: ಎರಡೂ ಸರ್ಫೇಸ್‌ಗಳನ್ನು ಅನ್‌ಟ್ರಿಮ್ ಮಾಡಿ, ಒಂದನ್ನೊಂದು ದಾಟುವ ಹಾಗೆ ಉದ್ದ ಮಾಡಿ, ಆಮೇಲೆ ಪರಸ್ಪರ ಟ್ರಿಮ್ ಮಾಡುವುದು. ಆಗ ಎರಡಕ್ಕೂ ಸೇರಿ ಒಂದೇ ಛೇದನ ರೇಖೆ ಹುಟ್ಟುತ್ತದೆ, ಸಂದು ಬರಲು ಜಾಗವೇ ಇರುವುದಿಲ್ಲ. ಬಟ್ಟೆ ಹೊಲಿಯುವವರು ಅಂಚಿನಲ್ಲಿ ಒಂದಿಷ್ಟು ಬಟ್ಟೆ ಬಿಟ್ಟೇ ಕತ್ತರಿಸುತ್ತಾರಲ್ಲ, ಹಾಗೆ ಸರ್ಫೇಸ್ ಅನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿ ಕಟ್ಟಿ ಕೊನೆಗೆ ಕತ್ತರಿಸುವ ಅಭ್ಯಾಸ ಮಾಡಿಕೊಳ್ಳಿ.

ಸರ್ಫೇಸ್‌ಗಳು ಒಂದಕ್ಕೊಂದು ಅಡ್ಡ ಬರದೆ ನಯವಾಗಿ ಮುಂದುವರಿಯುವಂಥವಾದರೆ ಈ ದಾರಿ ನಡೆಯುವುದಿಲ್ಲ, ಕತ್ತರಿಸುವ ರೇಖೆಯೇ ಅಸ್ಥಿರವಾಗುತ್ತದೆ. ಆಗ ಒಂದರ ಅಂಚನ್ನು ಇನ್ನೊಂದಕ್ಕೆ ಮ್ಯಾಚ್ ಮಾಡಿ: ಸೇರಿದರೆ ಸಾಕು ಅಂದರೆ ಜಿ0, ಒಂದೇ ಓರೆಯಲ್ಲಿ ಸಾಗಬೇಕಾದರೆ ಜಿ1, ಬೆಳಕಿನ ಪ್ರತಿಬಿಂಬ ಮುರಿಯದೆ ಹರಿಯಬೇಕಾದರೆ ಜಿ2.

ಸಂದಿನಲ್ಲಿ ತೆಳ್ಳಗಿನ ಪಟ್ಟಿಯಂಥ ಹೊಸ ಸರ್ಫೇಸ್ ತುರುಕುವುದನ್ನು ಮಾತ್ರ ದಯವಿಟ್ಟು ಬಿಡಿ. 40 ಮಿ.ಮೀ. ಉದ್ದ, 0.03 ಮಿ.ಮೀ. ಅಗಲದ ಫೇಸ್ ಒಂದು ಸಮಸ್ಯೆಯನ್ನು ಎರಡು ಮಾಡುತ್ತದೆ. ಫಿಲೆಟ್ ಅದರ ಮೇಲೆ ಉರುಳಲಾರದು, ಮೆಷ್ (ತ್ರಿಕೋನಗಳ ಬಲೆ) ಮಾಡಿದರೆ ಸೂಜಿಯಂಥ ತ್ರಿಕೋನಗಳು ಬರುತ್ತವೆ.

ಕ್ಯಾಪ್ ಕೊಟ್ಟರೆ ರಂಧ್ರ ಮುಚ್ಚುತ್ತಿಲ್ಲ.

ರೈನೋದ ಕ್ಯಾಪ್ ಮುಚ್ಚುವುದು ಸಮತಲದಲ್ಲಿರುವ ರಂಧ್ರವನ್ನು ಮಾತ್ರ. ಬಾಯಿ ಸ್ವಲ್ಪ ತಿರುಚಿದ್ದರೂ ಆಗುವುದಿಲ್ಲ. ಪ್ಯಾಚ್ ಅಥವಾ ನೆಟ್‌ವರ್ಕ್ ಸರ್ಫೇಸ್ ಬಳಸಿ, ಆಮೇಲೆ ಜಾಯಿನ್ ಮಾಡಿ.

ಸರ್ಫೇಸ್ ಬಾಡಿಯನ್ನು ಸಾಲಿಡ್ ಬಾಡಿಗೆ ಯೂನಿಯನ್ ಮಾಡಲು ಬಿಡುತ್ತಿಲ್ಲ. ಏನು ಮಾಡಲಿ?

ಸರ್ಫೇಸ್‌ಗೆ ದಪ್ಪ ಇಲ್ಲ, ಸಾಲಿಡ್‌ಗೆ ಇದೆ. ಎರಡನ್ನೂ ಹಾಗೇ ಕೂಡಿಸಿ ಅಂದರೆ ಏನಾಗಬೇಕು ಎಂಬುದಕ್ಕೆ ಸಾಲಿಡ್ ಮಾಡೆಲಿಂಗ್‌ನಲ್ಲಿ ಅರ್ಥವಿಲ್ಲ. ನಿಮಗೆ ನಿಜವಾಗಿ ಬೇಕಾದದ್ದು ಏನು ಅಂತ ಮೊದಲು ಕೇಳಿಕೊಳ್ಳಿ.

ಸಾಲಿಡ್‌ನ ಒಂದು ಮುಖ ಈ ಸರ್ಫೇಸ್‌ನ ಆಕಾರಕ್ಕೆ ಬರಬೇಕೇ? ರಿಪ್ಲೇಸ್ ಫೇಸ್ ಬಳಸಿ. ಸರ್ಫೇಸ್ ಚಾಕುವಿನಂತೆ ಸಾಲಿಡ್ ಅನ್ನು ಕತ್ತರಿಸಬೇಕೇ? ಕಟ್ ವಿತ್ ಸರ್ಫೇಸ್ ಅಥವಾ ಸ್ಪ್ಲಿಟ್ ಬಾಡಿ. ಸರ್ಫೇಸ್ ಸಾಲಿಡ್‌ನ ಹೊರಕ್ಕೆ ಎಲ್ಲಾ ಕಡೆಯಿಂದ ಚಾಚಿಕೊಂಡಿರಲಿ. ಸರ್ಫೇಸ್ ಒಂದು ತೆಳು ರೆಕ್ಕೆಯಾಗಿ ಅಂಟಬೇಕೇ? ಮೊದಲು ಥಿಕನ್ ಮಾಡಿ ಸಾಲಿಡ್ ಮಾಡಿಕೊಂಡು ಆಮೇಲೆ ಯೂನಿಯನ್ ಕೊಡಿ. ಸರ್ಫೇಸ್ ಮತ್ತು ಸಾಲಿಡ್ ನಡುವಿನ ಪೊಳ್ಳು ಜಾಗ ತುಂಬಬೇಕೇ? ಫ್ಯೂಷನ್‌ನ ಬೌಂಡರಿ ಫಿಲ್, ಇನ್ವೆಂಟರ್‌ನ ಸ್ಕಲ್ಪ್ಟ್, ಕ್ರಿಯೋದ ಸಾಲಿಡಿಫೈ ಇರುವುದೇ ಅದಕ್ಕೆ. ಇವು ಯಾವುವೂ ಒಪ್ಪದಿದ್ದರೆ ಸಾಲಿಡ್‌ನ ಆ ಭಾಗದ ಫೇಸ್‌ಗಳನ್ನು ಡಿಲೀಟ್ ಮಾಡಿ ಅದನ್ನೂ ಸರ್ಫೇಸ್ ಆಗಿಸಿ, ಟ್ರಿಮ್ ಮಾಡಿ, ಎಲ್ಲವನ್ನೂ ಒಟ್ಟಿಗೆ ಹೊಲಿಯಿರಿ. ದಾರಿ ಉದ್ದ, ಆದರೆ ಎಲ್ಲಿ ಏನಾಗುತ್ತಿದೆ ಎಂಬುದು ಕಣ್ಣೆದುರಿಗೇ ಇರುತ್ತದೆ.

ಎರಡೂ ಒಳ್ಳೆಯ ಸಾಲಿಡ್‌ಗಳೇ. ಬೂಲಿಯನ್ (ಬಾಡಿಗಳನ್ನು ಕೂಡಿಸುವ, ಕಳೆಯುವ ಕಮಾಂಡ್) ಯಾಕೆ ಸೋಲುತ್ತಿದೆ?

ಹೆಚ್ಚಿನ ಸಲ ಕಾರಣ ಒಂದೇ: ಎರಡು ಮುಖಗಳು ಸರಿಯಾಗಿ ಒಂದೇ ಸಮತಲದಲ್ಲಿ, ಅಥವಾ ಬಹುತೇಕ ಒಂದೇ ಸಮತಲದಲ್ಲಿ ಕೂತಿವೆ. ಪೂರ್ತಿ ಒಂದೇ ಆಗಿದ್ದರೆ ಕರ್ನೆಲ್ ಹೇಗೋ ನಿಭಾಯಿಸೀತು. 0.0005 ಮಿ.ಮೀ. ಅಂತರದಲ್ಲಿ ಸಣ್ಣಗೆ ಓರೆಯಾಗಿದ್ದರೆ ಒಂದು ಕಡೆ ತಾಗಿದೆ, ಇನ್ನೊಂದು ಕಡೆ ದಾಟಿದೆ ಅಂತ ಲೆಕ್ಕ ಬಂದು ರೇಖೆ ಎಲ್ಲೋ ಕಳೆದುಹೋಗುತ್ತದೆ. ಸಿಲಿಂಡರ್ ಸಮತಲಕ್ಕೆ ಬರೀ ಸ್ಪರ್ಶಿಸಿ ನಿಂತಾಗಲೂ ಇದೇ ಕಷ್ಟ.

ಪತ್ತೆ ಮಾಡುವ ಉಪಾಯ: ಬೂಲಿಯನ್ ಕೊಡುವ ಮೊದಲು ಎರಡೂ ಬಾಡಿಗಳ ಛೇದನ ರೇಖೆಯನ್ನು ಮಾತ್ರ ತೆಗೆಯಿರಿ. ಆ ಕರ್ವ್‌ಗಳು ಮುಚ್ಚಿದ ಬಳೆಯಂತೆ ಬಂದರೆ ಬೂಲಿಯನ್ ನಡೆಯುವ ಸಾಧ್ಯತೆ ಹೆಚ್ಚು. ಎಲ್ಲಿ ತುಂಡಾಗಿದೆಯೋ ರೋಗ ಅಲ್ಲೇ ಇದೆ. ಕಳೆಯುವ ಬಾಡಿಯನ್ನು ಮುಖದಾಚೆಗೆ 1 ಮಿ.ಮೀ. ಚಾಚಿಸಿ. ಕೂಡಿಸುವ ಬಾಡಿಯನ್ನು ಒಳಕ್ಕೆ ಅರ್ಧ ಮಿ.ಮೀ. ತಳ್ಳಿ. ಒಳಗೆ ಹೋದದ್ದು ಯೂನಿಯನ್‌ನಲ್ಲಿ ಕರಗಿಹೋಗುತ್ತದೆ, ಹೊರಗಿನ ಆಕಾರಕ್ಕೆ ಏನೂ ಆಗುವುದಿಲ್ಲ.

ಝೀರೋ ಥಿಕ್‌ನೆಸ್ ಜಾಮೆಟ್ರಿ ಅಂತ ಎರರ್ ಬರುತ್ತದೆ.

ಎರಡು ಘನಗಳನ್ನು ಒಂದೇ ಒಂದು ಅಂಚಿನಲ್ಲಿ ತಾಗುವಂತೆ ಇಟ್ಟಿದ್ದೀರಿ ಅಂದುಕೊಳ್ಳಿ. ಆ ಅಂಚಿಗೆ ನಾಲ್ಕು ಫೇಸ್, ಮತ್ತು ಆ ಜಾಗದಲ್ಲಿ ವಸ್ತುವಿನ ದಪ್ಪ ಸೊನ್ನೆ. ನಿಜ ಜಗತ್ತಿನಲ್ಲಿ ಅಂಥ ವಸ್ತು ಮಾಡಲು ಬರುವುದಿಲ್ಲ. ಒಂದಿಷ್ಟು ಒಳಕ್ಕೆ ತಳ್ಳಿ, ಇಲ್ಲವೇ ಬಿಡಿಸಿ ಎರಡು ಬಾಡಿಯಾಗಿ ಇಡಿ.

ಥಿಕನ್ ಅಥವಾ ಶೆಲ್ 1 ಮಿ.ಮೀ.ಗೆ ಆಗುತ್ತದೆ, 3 ಮಿ.ಮೀ.ಗೆ ಆಗುವುದಿಲ್ಲ. ಯಾಕೆ?

ನಿಮ್ಮ ಸರ್ಫೇಸ್‌ನಲ್ಲಿ ಎಲ್ಲೋ 3 ಮಿ.ಮೀ.ಗಿಂತ ಚಿಕ್ಕ ತ್ರಿಜ್ಯದ ತಿರುವಿದೆ. 2 ಮಿ.ಮೀ. ತ್ರಿಜ್ಯದ ತಿರುವನ್ನು ಅದರ ಕೇಂದ್ರದ ಕಡೆಗೆ 3 ಮಿ.ಮೀ. ಸರಿಸಿದರೆ ಅದು ಕೇಂದ್ರವನ್ನು ದಾಟಿ ತನ್ನನ್ನೇ ತಾನು ಕತ್ತರಿಸಿಕೊಳ್ಳುತ್ತದೆ. ಕರ್ವೇಚರ್ ಅನಾಲಿಸಿಸ್‌ನಲ್ಲಿ ಕನಿಷ್ಠ ತ್ರಿಜ್ಯ ನೋಡಿ. ಒಂದೋ ತಿರುವನ್ನು ದೊಡ್ಡದು ಮಾಡಿ, ಇಲ್ಲವೇ ಹೊರಮುಖವಾಗಿ ದಪ್ಪ ಕೊಡಿ. ಚಿಕ್ಕ ಫಿಲೆಟ್‌ಗಳನ್ನು ಶೆಲ್ ಆದ ಮೇಲೆ ಹಾಕುವುದೂ ಒಳ್ಳೆಯ ದಾರಿ.

ಇನ್ನೊಂದು ಕಾರಣ ಅಡಗಿ ಕೂತಿರುತ್ತದೆ. ನರ್ಬ್ಸ್ (ಕ್ಯಾಡ್‌ನಲ್ಲಿ ವಕ್ರ ಆಕಾರ ಬರೆಯುವ ಗಣಿತ ರೂಪ) ಸರ್ಫೇಸ್ ಹುಟ್ಟಿನಿಂದ ನಾಲ್ಕು ಬದಿಯದು. ಮೂರು ಬದಿಯ ಜಾಗಕ್ಕೆ ಅದನ್ನು ಹೊಂದಿಸಿದರೆ ಒಂದು ಬದಿ ಕುಗ್ಗಿ ಬಿಂದುವಾಗುತ್ತದೆ. ಆ ಬಿಂದುವಿನಲ್ಲಿ ನಾರ್ಮಲ್ (ಸರ್ಫೇಸ್‌ಗೆ ಲಂಬವಾದ ದಿಕ್ಕು) ಯಾವ ಕಡೆ ಎಂದು ಹೇಳಲು ಬಾರದೆ ಥಿಕನ್ ಅಲ್ಲೇ ಎಡವಬಹುದು. ಆ ಮೂಲೆಯನ್ನು ಕತ್ತರಿಸಿ ತೆಗೆದು, ಉಳಿದ ಜಾಗವನ್ನು ನಾಲ್ಕು ಬದಿಯ ಸರ್ಫೇಸ್‌ನಿಂದ ತುಂಬಿ.

ಸ್ಟೆಪ್ ಅಥವಾ ಐಜಸ್ ಫೈಲ್ ತೆರೆದರೆ ನೂರಾರು ಬಿಡಿ ಸರ್ಫೇಸ್‌ಗಳು ಬರುತ್ತವೆ.

ಸ್ಟೆಪ್‌ನಂತೆಯೇ ಮಾಡೆಲ್ ಸಾಗಿಸುವ ಫೈಲ್ ರೂಪವಾದ ಐಜಸ್‌ನ ಕೊನೆಯ ಆವೃತ್ತಿ 5.3 ಬಂದದ್ದು 1996ರಲ್ಲಿ. ಅದರಲ್ಲಿ ಸಾಲಿಡ್ ಬರೆಯುವ ವ್ಯವಸ್ಥೆ ಇದ್ದರೂ ಬಹಳಷ್ಟು ಫೈಲ್‌ಗಳು ಟ್ರಿಮ್ ಆದ ಬಿಡಿ ಸರ್ಫೇಸ್‌ಗಳಾಗಿಯೇ ಬರುತ್ತವೆ. ಯಾವ ಅಂಚು ಯಾವುದಕ್ಕೆ ಸೇರಿದ್ದು ಎಂಬ ಮಾಹಿತಿಯೇ ಅದರಲ್ಲಿರುವುದಿಲ್ಲ, ನಿಮ್ಮ ಸಾಫ್ಟ್‌ವೇರ್ ಹೊಸದಾಗಿ ಊಹಿಸಿ ಹೊಲಿಯಬೇಕು. ಆದ್ದರಿಂದ ರಿಪೇರಿಗೆ ಕೂರುವ ಮುನ್ನ ಕಳಿಸಿದವರನ್ನು ಕೇಳಿ: ಸ್ಟೆಪ್ ಎಪಿ214 ಅಥವಾ ಎಪಿ242 (ಸ್ಟೆಪ್‌ನ ಎರಡು ಬಗೆ) ಕೊಡಲು ಆಗುತ್ತದೆಯೇ? ಎರಡೂ ಕಡೆ ಪ್ಯಾರಾಸಾಲಿಡ್ ಇದ್ದರೆ ಪ್ಯಾರಾಸಾಲಿಡ್ ಫೈಲನ್ನೇ ತರಿಸಿಕೊಳ್ಳಿ, ಅನುವಾದವೇ ಬೇಕಾಗುವುದಿಲ್ಲ. ಎರಡು ನಿಮಿಷದ ಈ ಮಾತು ಎರಡು ದಿನದ ಹೊಲಿಗೆ ಉಳಿಸಿದ್ದನ್ನು ನಾನು ಕಂಡಿದ್ದೇನೆ.

ಹೊಸ ಫೈಲ್ ಸಿಗದಿದ್ದರೆ ಮೊದಲು ಯೂನಿಟ್ ನೋಡಿ. ಇಂಚು ಮತ್ತು ಮಿ.ಮೀ. ಅದಲುಬದಲಾಗಿದ್ದರೆ ಮಾಡೆಲ್ 25.4 ಪಟ್ಟು ವ್ಯತ್ಯಾಸವಾಗಿರುತ್ತದೆ, ಸಂದುಗಳೂ ಅಷ್ಟೇ ಪಟ್ಟು. ಆಮೇಲೆ ಸಾಲಿಡ್‌ವರ್ಕ್ಸ್‌ನ ಇಂಪೋರ್ಟ್ ಡಯಾಗ್ನಾಸ್ಟಿಕ್ಸ್, ಕಟಿಯಾದ ಹೀಲಿಂಗ್ ಮುಂತಾದವನ್ನು ಒಂದು ಸಲ ಓಡಿಸಿ. ಅವು ಸರಿಪಡಿಸಿದ್ದು ಲಾಭ. ಉಳಿದ ಕೆಟ್ಟ ಫೇಸ್‌ಗಳನ್ನು ಕೈಯಿಂದಲೇ ಮಾಡಬೇಕು. ಒಂದರ ಮೇಲೊಂದು ಕೂತ ನಕಲಿ ಸರ್ಫೇಸ್‌ಗಳೂ ಇರಬಹುದು. ಕಣ್ಣಿಗೆ ಒಂದೇ ಕಾಣುತ್ತದೆ, ಅಂಚಿಗೆ ಮಾತ್ರ ಮೂರು ಫೇಸ್ ಆಗಿರುತ್ತದೆ.

ಮಾಡೆಲ್ ಮೂಲಬಿಂದುವಿನಿಂದ ಬಹಳ ದೂರದಲ್ಲಿದೆ. ಅದರಿಂದ ತೊಂದರೆಯೇ?

ಹೌದು. ಕಂಪ್ಯೂಟರ್ ಒಂದು ಸಂಖ್ಯೆಗೆ ಇಡುವುದು ಸುಮಾರು 15ರಿಂದ 16 ಅಂಕಿ. ಸರ್ವೆ ನಿರ್ದೇಶಾಂಕದಲ್ಲಿ ಕೂತ ಕಟ್ಟಡ ಮೂಲದಿಂದ 500 ಕಿ.ಮೀ. ದೂರವಿದ್ದರೆ, ಮಿ.ಮೀ.ನಲ್ಲಿ ಅದಕ್ಕೇ ಒಂಬತ್ತು ಅಂಕಿ ಖರ್ಚು. ದಶಮಾಂಶದ ಮುಂದೆ ಉಳಿಯುವ ಆರೇಳು ಅಂಕಿಯಲ್ಲೇ ಟ್ರಿಮ್ಮು, ಛೇದನ ಎಲ್ಲವೂ ನಡೆಯಬೇಕು, ಪ್ರತಿ ಲೆಕ್ಕದಲ್ಲೂ ಕೊನೆಯ ಅಂಕಿಗಳು ಸವೆಯುತ್ತವೆ. ಮೂಲಬಿಂದುವಿನ ಬಳಿ ತಂದು ಕೆಲಸ ಮುಗಿಸಿ, ಆಮೇಲೆ ಜಾಗಕ್ಕೆ ಒಯ್ಯಿರಿ.

ಸಾಲಿಡ್ ಆಯಿತು, ಆದರೆ ವಾಲ್ಯೂಮ್ ಮೈನಸ್ ತೋರಿಸುತ್ತಿದೆ.

ಒಳಗು ಹೊರಗಾಗಿದೆ. ನಾರ್ಮಲ್‌ಗಳನ್ನು ಫ್ಲಿಪ್ ಮಾಡಿ.

ಎಸ್‌ಟಿಎಲ್ ಮೆಷ್ ಅನ್ನು ಸಾಲಿಡ್‌ಗೆ ಜೋಡಿಸಬಹುದೇ?

ನೇರವಾಗಿ ಅಲ್ಲ. ಎಸ್‌ಟಿಎಲ್‌ನಲ್ಲಿರುವುದು ಬರೀ ತ್ರಿಕೋನಗಳು. ಅದನ್ನು ಹಾಗೇ ಸಾಲಿಡ್‌ಗೆ ಪರಿವರ್ತಿಸಿದರೆ ಪ್ರತಿ ತ್ರಿಕೋನವೂ ಒಂದು ಫೇಸ್. ಐವತ್ತು ಸಾವಿರ ಫೇಸ್‌ನ ಬೂಲಿಯನ್ ಮುಗಿಯುವುದೇ ಅನುಮಾನ. ಮೆಷ್ ಅನ್ನು ಅಡಿಯಲ್ಲಿ ಮಾದರಿಯಾಗಿಟ್ಟು ಮೇಲೆ ಹೊಸ ಸರ್ಫೇಸ್ ಕಟ್ಟಿ.

ಆದ ಸಾಲಿಡ್ ನಿಜವಾಗಿ ಗಟ್ಟಿಯೇ ಅಂತ ಪರೀಕ್ಷಿಸುವುದು ಹೇಗೆ?

ಚೆಕ್ ಕಮಾಂಡ್ ಓಡಿಸಿ. ನಾಲ್ಕಾರು ಕಡೆ ಸೆಕ್ಷನ್ ತೆಗೆದು ಒಳಭಾಗ ತುಂಬಿಕೊಂಡಿದೆಯೇ ನೋಡಿ. ಸ್ಟೆಪ್ ಆಗಿ ಹೊರಗೆ ಕಳಿಸಿ, ಬೇರೆ ಕರ್ನೆಲ್ ಇರುವ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಸಾಲಿಡ್‌ವರ್ಕ್ಸ್‌ನಲ್ಲಿ ಮಾಡಿದ್ದಾದರೆ ಫ್ರೀಕ್ಯಾಡ್ ಸಾಕು, ಅದು ನಡೆಯುವುದು ಓಪನ್ ಕ್ಯಾಸ್ಕೇಡ್ ಮೇಲೆ. ಎರಡೂ ಕಡೆ ವಾಲ್ಯೂಮ್ ಒಂದೇ ಬಂದು ಎರಡೂ ಕಡೆ ಸಾಲಿಡ್ ಅಂದರೆ ನೆಮ್ಮದಿಯಿಂದ ಮುಂದೆ ಹೋಗಿ.

ಎಲ್ಲಾ ಮಾಡಿ ನೋಡಿದೆ, ಒಂದು ಕಡೆ ಕೂಡುತ್ತಲೇ ಇಲ್ಲ. ಇಡೀ ಮಾಡೆಲ್ ಮತ್ತೆ ಮಾಡಬೇಕೇ?

ಬೇಡ. ಆ ಸಂದಿನ ಎರಡೂ ಬದಿಯ ಸರ್ಫೇಸ್‌ಗಳಲ್ಲಿ ಯಾವುದು ಕೆಟ್ಟದ್ದು ಅಂತ ಗುರುತಿಸಿ. ಸಾಮಾನ್ಯವಾಗಿ ಕಂಟ್ರೋಲ್ ಪಾಯಿಂಟ್ ಜಾಸ್ತಿ ಇರುವುದು, ಅಥವಾ ಅಂಚು ಚೂರು ಚೂರಾಗಿರುವುದು. ಅದೊಂದನ್ನೇ ಅಳಿಸಿ. ಈಗ ಸುತ್ತಲೂ ಉಳಿದಿರುವ ತೆರೆದ ಅಂಚುಗಳನ್ನು ನೋಡಿ: ಟಾಲರೆನ್ಸ್‌ಗಿಂತ ಚಿಕ್ಕದಾದ ಚೂರು ಅಂಚುಗಳಿದ್ದರೆ ಮೊದಲು ಮರ್ಜ್ ಎಡ್ಜ್ ಮಾಡಿ ಒಂದಾಗಿಸಿ. ಆಮೇಲೆ ಆ ಅಂಚುಗಳನ್ನೇ ಹಿಡಿದು ಹೊಸ ಸರ್ಫೇಸ್ ಕಟ್ಟಿ, ಫೈಲ್‌ನ ಮೂಲ ಟಾಲರೆನ್ಸ್‌ನಲ್ಲೇ ಹೊಲಿಯಿರಿ.